ಗರ್ಭಿಣಿಯ ರಕ್ತ ಪರೀಕ್ಷೆ: ಮಗು ನಮ್ಮ ಕೈಯಲ್ಲಿರುವ ಅಮಾನತ್ತು

(ಕೆರಗೋಡಿನಲ್ಲಿ ಜುಮಾ ನಮಾಜಿಗೆ ಮುಂಚೆ ಮಾಡಿದ ಬಯಾನ್‌ನ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಆತನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಶಾಂತಿ ಮತ್ತು ಕೃಪೆ ಇರಲಿ.



ಇವತ್ತಿನ ವಿಷಯ ಮಿಂಬರಿನ ಬಳಿ ನಿಂತು ಮಾತಾಡುವಂಥದ್ದೇ ಎಂದು ಕೆಲವರಿಗೆ ಅನ್ನಿಸಬಹುದು. ಗರ್ಭಿಣಿ ಹೆಣ್ಣುಮಕ್ಕಳ ರಕ್ತ ಪರೀಕ್ಷೆಯ ಬಗ್ಗೆ, ಅದರಲ್ಲೂ ಎಚ್‌ಐವಿ ಪರೀಕ್ಷೆಯ ಬಗ್ಗೆ ಮಾತಾಡಬೇಕಾಗಿದೆ. ಇದು ಹೆಂಗಸರ ವಿಷಯ, ಗಂಡಸರೇ ತುಂಬಿರುವ ಜುಮಾದಲ್ಲಿ ಯಾಕೆ ಎಂದು ಕೇಳಿದರೆ ಉತ್ತರ ಇಷ್ಟೇ: ಆ ಪರೀಕ್ಷೆಗೆ ಅಡ್ಡ ನಿಂತಿರುವವರು ಹೆಚ್ಚಾಗಿ ಹೆಂಗಸರಲ್ಲ, ನಾವು. ನಮ್ಮ ಅನುಮತಿ, ನಮ್ಮ ಮಾನ, ನಮ್ಮ ಮೌನ. ಅದಕ್ಕಾಗಿಯೇ ಗಂಡಂದಿರು, ಮಾವಂದಿರು, ಅಣ್ಣಂದಿರು ಕೂತಿರುವಲ್ಲಿಯೇ ಇದನ್ನು ಹೇಳಬೇಕು. ಮನೆಯಲ್ಲಿರುವ ತಾಯಂದಿರು, ಸಹೋದರಿಯರು ಇದನ್ನು ಪತ್ರಿಕೆಯಲ್ಲಿ ಓದಲಿ.

ತಾಯಿಯ ಕಷ್ಟವನ್ನು ಅಲ್ಲಾಹನು ಕುರ್‌ಆನಿನಲ್ಲಿ ಮತ್ತೆ ಮತ್ತೆ ನೆನಪಿಸಿದ್ದಾನೆ. ಲುಕ್ಮಾನ್ ಅಧ್ಯಾಯದಲ್ಲಿ, ಬಲಹೀನತೆಯ ಮೇಲೆ ಬಲಹೀನತೆಯನ್ನು ಸಹಿಸಿ ಮಗುವನ್ನು ಹೊರುವ ತಾಯಿಯ ಬಗ್ಗೆ ಹೇಳಿ, ನನಗೂ ನಿನ್ನ ತಂದೆತಾಯಿಗೂ ಕೃತಜ್ಞನಾಗಿರು ಎಂಬ ಆದೇಶ ಬಂದಿದೆ. ಅಲ್‌ಬಕರ ಅಧ್ಯಾಯದಲ್ಲಿ ಹಾಲುಣಿಸುವ ವಿಷಯ ಬಂದಾಗ, ಮಗುವಿನ ಕಾರಣಕ್ಕೆ ತಾಯಿಗಾಗಲಿ ತಂದೆಗಾಗಲಿ ಹಾನಿ ಆಗಕೂಡದು ಎಂಬ ಎಚ್ಚರಿಕೆ ಇದೆ. ಹೊಟ್ಟೆಯಲ್ಲಿರುವ ಮಗು ನಮ್ಮ ಆಸ್ತಿಯಲ್ಲ, ಅಲ್ಲಾಹನು ನಮ್ಮ ಕೈಗೆ ಕೊಟ್ಟಿರುವ ಅಮಾನತ್ತು. ಅಮಾನತ್ತಿನ ಲೆಕ್ಕ ಕೇಳಲಾಗುತ್ತದೆ.

ಪರೀಕ್ಷೆ ಯಾಕೆ?

ಮೊದಲು ವಿಷಯ ತಿಳಿದುಕೊಳ್ಳೋಣ. ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಅದು ಮೂರು ದಾರಿಯಲ್ಲಿ ಹೋಗಬಹುದು: ಗರ್ಭದಲ್ಲಿರುವಾಗ, ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನ ಮೂಲಕ. ಏನೂ ಚಿಕಿತ್ಸೆ ಮಾಡದೆ ಬಿಟ್ಟರೆ ಇಂಥ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿ ಸಮಯಕ್ಕೆ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಆ ಸಂಖ್ಯೆ ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಗರ್ಭದ ಆರಂಭದಲ್ಲೇ ಮಾತ್ರೆ ಶುರುಮಾಡಿ, ಒಂದು ದಿನವೂ ಬಿಡದೆ ನುಂಗಿದರೆ ಇನ್ನೂ ಕೆಳಗೆ. ಮಾತ್ರೆ ತಾಯಿಯ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣವನ್ನು ತಗ್ಗಿಸುತ್ತದೆ, ಅದರಿಂದ ಮಗುವಿಗೆ ದಾಟುವ ಸಾಧ್ಯತೆಯೂ ತಗ್ಗುತ್ತದೆ.

ಒಂದು ಬೆರಳ ತುದಿಯ ರಕ್ತ, ದಿನಕ್ಕೊಂದು ಮಾತ್ರೆ. ಒಂದು ಮಗು ರೋಗ ಹೊತ್ತು ಹುಟ್ಟುವುದಕ್ಕೂ ಆರೋಗ್ಯವಾಗಿ ಹುಟ್ಟುವುದಕ್ಕೂ ನಡುವೆ ಇರುವುದು ಇಷ್ಟು. ಆದರೆ ತಾಯಿಗೆ ಸೋಂಕು ಇದೆಯೆಂದು ಗೊತ್ತಾದರೆ ತಾನೇ ಮಾತ್ರೆ? ನೋಡುವುದಕ್ಕೆ ಆರೋಗ್ಯವಾಗಿಯೇ ಇರುವವರಲ್ಲೂ ಎಚ್‌ಐವಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಮುಖ ನೋಡಿ, ಮನೆತನ ನೋಡಿ, ಪರ್ದಾ ನೋಡಿ ಹೇಳಲು ಬರುವುದಿಲ್ಲ. ಪರೀಕ್ಷೆಯೊಂದೇ ದಾರಿ.

ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂಬ ಅರ್ಥದ ಮಾತು ಅಲ್‌ಮಾಇದ ಅಧ್ಯಾಯದಲ್ಲಿದೆ. ಇದನ್ನು ನಾವು ಭಾಷಣದಲ್ಲಿ ಬಹಳ ಬಳಸುತ್ತೇವೆ. ನಮ್ಮ ಮನೆಯ ಬಾಗಿಲಲ್ಲೇ ಅಂಥ ಅವಕಾಶ ನಿಂತಾಗ ಮಾತ್ರ ಹಿಂಜರಿಯುತ್ತೇವೆ.

"ನಮ್ಮ ಮನೆಯವರಿಗೆ ಯಾಕೆ?"

ಕೆಲವು ತಿಂಗಳ ಹಿಂದೆ ಒಬ್ಬ ಹಿರಿಯ ಹೆಣ್ಣುಮಗಳು ನನ್ನ ಬಳಿ ಮಸ್‌ಅಲಾ ಕೇಳಲು ಬಂದಿದ್ದರು. "ಹಜರತ್, ಸೊಸೆಯನ್ನು ತೋರಿಸೋಕೆ ಹೋಗಿದ್ವಿ. ಅದ್ಯಾವುದೋ ಟೆಸ್ಟ್ ಬರೆದವ್ರೆ. ನಮ್ಮದು ಅಂಥ ಮನೆಯಲ್ಲ. ಇದು ಮಾಡಿಸೋದು ಜಾಯಿಜಾ?" ಎಂದರು.

"ಖಾಲಾ, ನಿಮ್ಮ ಸೊಸೆಗೆ ಒಬ್ಬಳಿಗೇ ಬರೆದಿದ್ದಾರೋ, ಅಲ್ಲಿ ಬಂದ ಎಲ್ಲಾ ಬಸುರಿಯರಿಗೂ ಬರೆದಿದ್ದಾರೋ?" ಎಂದು ಕೇಳಿದೆ.

"ಎಲ್ಲರಿಗೂ ಬರೀತಾರಂತೆ."

"ಸಕ್ಕರೆ ನೋಡಲು, ಹಿಮೋಗ್ಲೋಬಿನ್ ನೋಡಲು ರಕ್ತ ಕೊಟ್ಟಾಗ ನನ್ನನ್ನು ಕೇಳಿದ್ದಿರಾ?"

ಅವರು ಸ್ವಲ್ಪ ನಕ್ಕರು. ನಂತರ ಮೆಲ್ಲಗೆ, "ಅದಲ್ಲ ಹಜರತ್, ಮಗ ಏನಂದುಕೊಳ್ತಾನೋ ಅಂತ" ಎಂದರು.

ಈ ಕೊನೆಯ ಮಾತಿನಲ್ಲಿ ನಿಜವಾದ ತೊಡಕು ಇದೆ. ಪರೀಕ್ಷೆ ಎಂದರೆ ಅನುಮಾನ, ಅನುಮಾನ ಎಂದರೆ ಆರೋಪ ಎಂದು ನಾವು ತಿಳಿದಿದ್ದೇವೆ. ಹಾಗಿದ್ದರೆ ನಾನೊಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಹುಡುಗರು ಸೌದಿಗೆ, ದುಬೈಗೆ, ಕುವೈತ್‌ಗೆ ಕೆಲಸಕ್ಕೆ ಹೋಗುವಾಗ ಮೆಡಿಕಲ್ ಮಾಡಿಸುತ್ತಾರೆ. ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಇದೆ. ಯಾವ ತಂದೆಯಾದರೂ "ನನ್ನ ಮಗನನ್ನು ಏನೆಂದುಕೊಂಡಿದ್ದೀರಿ" ಎಂದು ಅಲ್ಲಿ ಜಗಳ ಮಾಡಿದ್ದುಂಟೇ? ಮೀಲಾದ್ ಸಮಯದಲ್ಲಿ ರಕ್ತದಾನ ಶಿಬಿರ ಮಾಡುತ್ತೇವೆ. ಅಲ್ಲಿ ಕೊಟ್ಟ ಪ್ರತಿಯೊಂದು ಬಾಟಲಿ ರಕ್ತವನ್ನೂ ಎಚ್‌ಐವಿಗಾಗಿ ಪರೀಕ್ಷಿಸಿಯೇ ರೋಗಿಗೆ ಕೊಡುತ್ತಾರೆ. ದಾನ ಮಾಡಿದ ಯುವಕ ಫೋಟೊ ತೆಗೆಸಿಕೊಂಡು ಸಂತೋಷದಿಂದ ಮನೆಗೆ ಬರುತ್ತಾನೆ. ವೀಸಾಕ್ಕಾಗಿ ಮಾಡಿದರೆ ಮಾನ ಹೋಗುವುದಿಲ್ಲ, ಅಪರಿಚಿತ ರೋಗಿಗಾಗಿ ಮಾಡಿದರೆ ಮಾನ ಹೋಗುವುದಿಲ್ಲ, ಹೆತ್ತ ಮಗುವಿಗಾಗಿ ಮಾಡಿದರೆ ಮಾತ್ರ ಮಾನ ಹೋಗುತ್ತದೆಯೇ?

ಎಲ್ಲಾ ಗರ್ಭಿಣಿಯರಿಗೂ ಪರೀಕ್ಷೆ ಇಟ್ಟಿರುವುದೇ ಯಾರ ಮೇಲೂ ಬೆರಳು ತೋರಿಸಬಾರದು ಎಂಬ ಉದ್ದೇಶದಿಂದ. ಗೌಡರ ಮನೆಯ ಹೆಣ್ಣುಮಗಳಿಗೂ ಅದೇ ಪರೀಕ್ಷೆ, ಡಾಕ್ಟರ್ ಮನೆಯ ಹೆಣ್ಣುಮಗಳಿಗೂ ಅದೇ ಪರೀಕ್ಷೆ, ನಮ್ಮ ಮನೆಯ ಹೆಣ್ಣುಮಗಳಿಗೂ ಅದೇ.

ಮೊದಲು ಗೊತ್ತಾದವಳೇ ಮೊದಲು ತಂದವಳಲ್ಲ

ಈಗ ಎಲ್ಲಕ್ಕಿಂತ ಕಠಿಣವಾದ ಮಾತು. ದಯವಿಟ್ಟು ಗಮನವಿಟ್ಟು ಕೇಳಿ.

ಮನೆಯಲ್ಲಿ ಯಾರಿಗೆ ಮೊದಲು ಪರೀಕ್ಷೆ ಆಗುತ್ತದೆ? ಬಸುರಿಯಾದ ಹೆಂಡತಿಗೆ. ಗಂಡ ಯಾವ ಪರೀಕ್ಷೆಗೂ ಹೋಗಿರುವುದಿಲ್ಲ. ಆದ್ದರಿಂದ ಇಬ್ಬರಲ್ಲೂ ಸೋಂಕು ಇದ್ದರೂ ಕಾಗದದಲ್ಲಿ ಮೊದಲು ಬರುವುದು ಹೆಂಡತಿಯ ಹೆಸರು. ಆಗ ಮನೆಯವರೆಲ್ಲಾ, ಇವಳೇ ತಂದಳು ಎನ್ನುತ್ತಾರೆ. ನಮ್ಮ ದೇಶದಲ್ಲಿ ಎಚ್‌ಐವಿ ತಗಲಿದ ಎಷ್ಟೋ ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಬಂದಿರುವುದು ತಮ್ಮ ಗಂಡನಿಂದಲೇ. ಅವರು ಮನೆಯ ಹೊಸ್ತಿಲು ದಾಟಿದವರಲ್ಲ, ಮಾಡಿದ ತಪ್ಪು ಏನೂ ಇಲ್ಲ. ಆದರೂ ಹೊರಗೆ ಹಾಕಿಸಿಕೊಳ್ಳುವವರು ಅವರೇ, ತವರಿಗೆ ಪೆಟ್ಟಿಗೆ ಹೊರುವವರು ಅವರೇ.

ಹೆಣ್ಣುಮಕ್ಕಳು ಪರೀಕ್ಷೆಗೆ ಹೆದರುವುದು ಸೂಜಿಗಲ್ಲ, ಈ ತೀರ್ಪಿಗೆ. ಈ ಭಯ ಹೋಗದೆ ಎಷ್ಟು ಆಸ್ಪತ್ರೆ ಕಟ್ಟಿದರೂ ಅವರು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ.

ಚಾರಿತ್ರ್ಯದ ಮೇಲೆ ಸಾಕ್ಷಿಯಿಲ್ಲದೆ ಮಾತಾಡುವುದರ ಬಗ್ಗೆ ನಮ್ಮ ದೀನ್ ಏನು ಹೇಳುತ್ತದೆ ಎಂದು ನಿಮಗೆ ಗೊತ್ತಿದೆ. ಉಮ್ಮುಲ್ ಮೂಮಿನೀನ್ ಹಜ್ರತ್ ಆಯಿಶಾ(ರ)ರ ಮೇಲೆ ಅಪವಾದ ಹೊರಿಸಿದಾಗ ಅಲ್ಲಾಹನು ಸೂರಃ ನೂರ್‌ನಲ್ಲಿ ಅವರ ನಿರ್ದೋಷಿತ್ವವನ್ನು ಸಾರಿದನು. ಅಂಥ ಮಾತು ಕಿವಿಗೆ ಬಿದ್ದ ಕೂಡಲೇ ಒಳ್ಳೆಯದನ್ನೇ ಭಾವಿಸಬೇಕಿತ್ತಲ್ಲವೇ ಎಂದು ಮೂಮಿನರನ್ನು ಎಚ್ಚರಿಸಿದನು. ನಾಲ್ವರು ಸಾಕ್ಷಿಗಳಿಲ್ಲದೆ ಶೀಲವಂತ ಸ್ತ್ರೀಯರ ಮೇಲೆ ಆರೋಪ ಹೊರಿಸುವವರಿಗೆ ಶಿಕ್ಷೆ ವಿಧಿಸಿದನು. ಆಸ್ಪತ್ರೆಯ ಕಾಗದ ನಾಲ್ವರು ಸಾಕ್ಷಿಗಳಲ್ಲ. ರಕ್ತದಲ್ಲಿ ವೈರಸ್ ಇದೆಯೇ ಎಂದಷ್ಟೇ ಅದು ಹೇಳುತ್ತದೆ. ಹೇಗೆ ಬಂತು, ಯಾರಿಂದ ಬಂತು, ಯಾವಾಗ ಬಂತು ಎಂದು ಹೇಳುವುದಿಲ್ಲ. ಸೋಂಕಿತ ಸೂಜಿಯಿಂದಲೂ, ಪರೀಕ್ಷಿಸದೆ ಕೊಟ್ಟ ರಕ್ತದಿಂದಲೂ, ತಾಯಿಯಿಂದಲೂ ಬರಬಹುದು. ಆ ಕಾಗದವನ್ನು ಹಿಡಿದು ಹೆಣ್ಣುಮಗಳ ಶೀಲದ ಬಗ್ಗೆ ಮಾತಾಡುವವನು ಎಂಥ ಗುನಾಹ್‌ಗೆ ಕೈ ಹಾಕುತ್ತಿದ್ದಾನೆ ಎಂದು ಯೋಚಿಸಲಿ.

ಇದಕ್ಕೆ ಪರಿಹಾರ ಸುಲಭ. ಹೆಂಡತಿಯ ಜೊತೆಗೆ ಗಂಡನೂ ಹೋಗಿ ಅದೇ ದಿನ ರಕ್ತ ಕೊಡಲಿ. ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿದರೆ ಯಾರು ಮೊದಲು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಆಕೆಯ ಅರ್ಧ ಭಯ ಅಲ್ಲೇ ಕರಗುತ್ತದೆ.

ಗಂಡಸರೇ, ನಮ್ಮ ಪಾಲು

ನಮ್ಮ ಜಿಲ್ಲೆ ಹೆದ್ದಾರಿಯ ಜಿಲ್ಲೆ. ಬೆಂಗಳೂರು–ಮೈಸೂರು ರಸ್ತೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಮೇಲೇ ಹೋಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲೋಡ್ ಹೊತ್ತ ಲಾರಿಗಳು ಬೇರೆ ರಾಜ್ಯಗಳಿಗೆ ಹೋಗುತ್ತವೆ. ಬೆಲ್ಲದ ಲಾರಿ, ಗುಜರಿ ವ್ಯಾಪಾರ, ಗಲ್ಫ್ ಕೆಲಸ ಎಂದು ನಮ್ಮವರು ತಿಂಗಳುಗಟ್ಟಲೆ ಮನೆಯಿಂದ ದೂರ ಇರುತ್ತಾರೆ. ಹಲಾಲ್ ಸಂಪಾದನೆಗಾಗಿ ಬೆವರು ಸುರಿಸುವವರೇ ಹೆಚ್ಚು, ಅವರಿಗೆ ಅಲ್ಲಾಹನು ಬರಕತ್ ಕೊಡಲಿ. ಆದರೆ ದೂರದಲ್ಲಿ ಇರುವಾಗ ಶೈತಾನ್ ಹತ್ತಿರ ಇರುತ್ತಾನೆ. ಕಾಲು ಜಾರಿದವರೂ ಇದ್ದಾರೆ.

ಜಾರಿದವನಿಗೆ ತೌಬಾದ ಬಾಗಿಲು ತೆರೆದಿದೆ. ಅವನ ಗುನಾಹನ್ನು ನನ್ನ ಮುಂದೆ ಒಪ್ಪಿಕೊಳ್ಳಬೇಕಾಗಿಲ್ಲ, ಊರಿನ ಮುಂದೆ ಒಪ್ಪಿಕೊಳ್ಳಬೇಕಾಗಿಲ್ಲ. ತನ್ನ ಐಬು ಮುಚ್ಚಿಕೊಂಡು ಅಲ್ಲಾಹನ ಬಳಿ ಕ್ಷಮೆ ಕೇಳುವುದೇ ನಮ್ಮ ದೀನ್ ಕಲಿಸಿದ ದಾರಿ. ಆದರೆ ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಿ. ಐಬನ್ನು ಮುಚ್ಚುವುದು ಬೇರೆ, ಅಪಾಯವನ್ನು ಮುಚ್ಚುವುದು ಬೇರೆ. ತನ್ನಲ್ಲಿ ಸೋಂಕು ಇರಬಹುದು ಎಂಬ ಅಳುಕು ಇದ್ದೂ ಪರೀಕ್ಷೆ ಮಾಡಿಸದೆ ಹೆಂಡತಿಯ ಬಳಿ ಹೋಗುವವನು ತನ್ನ ಗುನಾಹನ್ನು ಮುಚ್ಚುತ್ತಿಲ್ಲ, ಅದನ್ನು ಹೆಂಡತಿಯ ಮೈಗೆ, ಮಗುವಿನ ಮೈಗೆ ದಾಟಿಸುತ್ತಿದ್ದಾನೆ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ಪ್ರವಾದಿ(ಸ)ಯವರು ಕೊಟ್ಟ ಮೂಲ ನಿಯಮ. ನಮ್ಮ ಫಿಕ್ಹ್‌ನ ಎಷ್ಟೋ ತೀರ್ಮಾನಗಳು ಅದರ ಮೇಲೇ ನಿಂತಿವೆ.

1995ರ ಏಪ್ರಿಲ್‌ನಲ್ಲಿ ಅಬುಧಾಬಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಉಲಮಾಗಳು ಈ ರೋಗದ ಬಗ್ಗೆಯೇ ಚರ್ಚಿಸಿ ತೀರ್ಮಾನ ಕೊಟ್ಟಿದ್ದಾರೆ. ಬೇಕೆಂದೇ ಇನ್ನೊಬ್ಬರಿಗೆ ಸೋಂಕು ಹರಡುವುದು ಹರಾಮ್, ದೊಡ್ಡ ಅಪರಾಧ ಎಂದಿದ್ದಾರೆ. ಜೊತೆಗೆ ಉಣ್ಣುವುದು, ಕೂರುವುದು, ಮುಟ್ಟುವುದರಿಂದ ಇದು ಹರಡುವುದಿಲ್ಲವಾದ್ದರಿಂದ ಸೋಂಕಿತರನ್ನು ಬೇರೆ ಇಡುವ ಅಗತ್ಯವಿಲ್ಲ ಎಂದೂ ಹೇಳಿದ್ದಾರೆ. ಆ ತೀರ್ಮಾನಕ್ಕೆ ಮೂವತ್ತು ವರ್ಷವಾಯಿತು. ನಮ್ಮ ಮೊಹಲ್ಲಾಗಳಿಗೆ ಮಾತ್ರ ಅದು ಇನ್ನೂ ತಲುಪಿಲ್ಲ.

ತವಕ್ಕುಲ್ ಎಂಬ ನೆಪ

"ಅಲ್ಲಾಹನ ಮೇಲೆ ಭರವಸೆ ಇದೆ, ನಮಗೇನೂ ಆಗಲ್ಲ" ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ)ಯವರು, ಮೊದಲು ಕಟ್ಟಿ ಆಮೇಲೆ ಭರವಸೆ ಇಡಲು ಕಲಿಸಿದರು. ಪ್ರತಿ ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬ ಅವರ ಬೋಧನೆಯೂ ಪ್ರಸಿದ್ಧ.

ಹಜ್ರತ್ ಉಮರ್(ರ)ರ ಘಟನೆಯನ್ನು ನೆನಪಿಸಿಕೊಳ್ಳಿ. ಶಾಮ್ ದೇಶದ ಕಡೆ ಹೊರಟಿದ್ದವರು ಸರ್ಗ್ ಎಂಬಲ್ಲಿ ತಲುಪಿದಾಗ ಮುಂದೆ ಪ್ಲೇಗ್ ಇದೆ ಎಂಬ ಸುದ್ದಿ ಬಂತು. ಅವರು ಸುದ್ದಿಯನ್ನು ತಳ್ಳಿಹಾಕಲಿಲ್ಲ. ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕೇಳಿದರು, ಕುರೈಷಿನ ಹಿರಿಯರನ್ನು ಕೇಳಿದರು. ನಂತರ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ತಕ್ದೀರಿನಿಂದ ಓಡಿಹೋಗುತ್ತಿದ್ದೀರಾ ಎಂದು ಹಜ್ರತ್ ಅಬೂ ಉಬೈದಾ(ರ) ಕೇಳಿದಾಗ, ಹೌದು, ಅಲ್ಲಾಹನ ಒಂದು ತಕ್ದೀರಿನಿಂದ ಅವನದೇ ಇನ್ನೊಂದು ತಕ್ದೀರಿನ ಕಡೆಗೆ ಎಂಬ ಅರ್ಥದ ಉತ್ತರ ಕೊಟ್ಟರು. ತಿಳಿದುಕೊಳ್ಳುವುದು, ವಿಚಾರಿಸುವುದು, ತಪ್ಪಿಸಿಕೊಳ್ಳುವುದು ತವಕ್ಕುಲ್‌ಗೆ ವಿರೋಧವಾಗಿದ್ದರೆ ಉಮರ್(ರ) ಹಾಗೆ ಮಾಡುತ್ತಿರಲಿಲ್ಲ. ರೋಗವೂ ತಕ್ದೀರ್, ಮಾತ್ರೆಯೂ ತಕ್ದೀರ್.

ಇನ್ನು ಕೆಲವರಿಗೆ ಇದು ಪಾಪದ ಶಿಕ್ಷೆ ಎಂಬ ಭಾವನೆ. ಜಿನಾ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಟ್ಟೆಯೊಳಗಿನ ಮಗು ಯಾವ ಪಾಪ ಮಾಡಿದೆ? ಹಜ್ರತ್ ಅಯ್ಯೂಬ್(ಅ) ವರ್ಷಗಟ್ಟಲೆ ರೋಗದಲ್ಲಿ ನರಳಿದರು. ಅವರ ಸಹನೆಯನ್ನು ಅಲ್ಲಾಹನು ಹೊಗಳಿದ್ದಾನೆ. ರೋಗಿಯನ್ನು ನೋಡಿ ತೀರ್ಪು ಕೊಡುವ ಕೆಲಸ ನಮ್ಮದಲ್ಲ, ರೋಗಿಯ ಯೋಗಕ್ಷೇಮ ವಿಚಾರಿಸುವುದು ನಮ್ಮ ಮೇಲಿನ ಹಕ್ಕು.

ತಡವಾಗುವುದು ಎಲ್ಲಿ?

ಪರೀಕ್ಷೆ ಬೇಡ ಎನ್ನುವವರಿಗಿಂತ ತಡಮಾಡುವವರೇ ಹೆಚ್ಚು. ಮೂರು ತಿಂಗಳು ತುಂಬುವವರೆಗೆ ಬಸುರಿ ಎಂದು ಯಾರಿಗೂ ಹೇಳಬಾರದು, ನಜರ್ ಆಗುತ್ತದೆ ಎಂದು ಮನೆಯಲ್ಲೇ ಇಡುತ್ತೇವೆ. ಬೇರೆಯವರಿಗೆ ಹೇಳಬೇಡಿ, ಆದರೆ ಆಶಾ ಕಾರ್ಯಕರ್ತೆಗೆ, ನರ್ಸಮ್ಮನಿಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಮೊದಲ ಮೂರು ತಿಂಗಳೊಳಗೆ ಪರೀಕ್ಷೆ ಆದರೆ ಮಾತ್ರೆಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ನಜರ್‌ನಿಂದ ರಕ್ಷಣೆಗೆ ಮುಅವ್ವಿಜತೈನ್ ಓದಿ, ರೋಗದಿಂದ ರಕ್ಷಣೆಗೆ ಆಸ್ಪತ್ರೆಗೆ ಹೋಗಿ.

ನಂತರ ಗಂಡ ಊರಿಗೆ ಬರಲಿ ಎಂದು ಕಾಯುತ್ತಾರೆ. ಆಮೇಲೆ ಏಳನೇ ತಿಂಗಳ ಶಾಸ್ತ್ರ ಮುಗಿಸಿ ತವರಿಗೆ ಕಳಿಸುತ್ತಾರೆ. ಕಾರ್ಡು ಇಲ್ಲಿ, ಹೆಣ್ಣುಮಗಳು ಅಲ್ಲಿ. ಇಲ್ಲಿ ಮಾಡಿದ್ದಾರೆಂದು ಅವರು, ಅಲ್ಲಿ ಮಾಡುತ್ತಾರೆಂದು ಇವರು. ಕೊನೆಗೆ ಹೆರಿಗೆ ನೋವು ಬಂದಾಗ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ತವರಿಗೆ ಹೋಗುವಾಗ ಸೀರೆ, ಬಳೆಯ ಜೊತೆ ತಾಯಿ ಕಾರ್ಡನ್ನೂ ರಿಪೋರ್ಟ್‌ಗಳನ್ನೂ ಬ್ಯಾಗಿನಲ್ಲಿ ಇಡಿ. ಹಾಗೂ ತಪ್ಪಿದ್ದರೆ ಹೆರಿಗೆಯ ದಿನವಾದರೂ ಪರೀಕ್ಷೆ ಮಾಡಿಸಬಹುದು. ಆಗಲೂ ತಾಯಿಗೆ, ಮಗುವಿಗೆ ಕೊಡುವ ಔಷಧ ಇದೆ. ತಡವಾಯಿತೆಂದು ಕೈಬಿಡಬೇಡಿ.

ದೂರ, ಬಸ್ ಚಾರ್ಜು, ಒಂದು ದಿನದ ಕೂಲಿ, ಇವೂ ನಿಜವಾದ ಅಡ್ಡಿಗಳೇ. ಮೈಸೂರಿನ ಸುತ್ತಿನ ಹಳ್ಳಿಗಳಲ್ಲಿ ಹಿಂದೆ 'ಕಿಸಲಯ' ಎಂಬ ಯೋಜನೆಯವರು ಸಂಚಾರಿ ಕ್ಲಿನಿಕ್ಕನ್ನು ಹಳ್ಳಿಗೇ ತಂದು, ಗರ್ಭಿಣಿಯರ ತಪಾಸಣೆಯ ಜೊತೆಯಲ್ಲೇ ಎಚ್‌ಐವಿ ಪರೀಕ್ಷೆಯನ್ನೂ ಮಾಡಿದ್ದರು. ಬೇರೆ ಸಾಲಿಲ್ಲ, ಬೇರೆ ಬೋರ್ಡಿಲ್ಲ, ಎಲ್ಲಾ ಪರೀಕ್ಷೆಯೊಂದಿಗೆ ಅದೂ ಒಂದು. ಈಗ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ಉಚಿತ ತಪಾಸಣೆ ಇರುತ್ತದೆ. ನಮ್ಮಲ್ಲಿ ಆಟೋ ಓಡಿಸುವ ತಮ್ಮಂದಿರು ಎಷ್ಟೋ ಜನ ಇದ್ದೀರಿ. ತಿಂಗಳಿಗೆ ಒಂದು ದಿನ ಮೊಹಲ್ಲಾದ ಬಸುರಿಯರನ್ನು ಕರೆದುಕೊಂಡು ಹೋಗಿ ಬರುವ ಸದಕಾ ನಿಮಗೆ ಕಷ್ಟವಲ್ಲ.

ಗುಟ್ಟು ಉಳಿಯುತ್ತದೆಯೇ?

"ಆಸ್ಪತ್ರೆಯವರು ಊರಿಗೆಲ್ಲಾ ಹೇಳಿಬಿಟ್ಟರೆ?" ಎಂಬ ಹೆದರಿಕೆ ಇದೆ. ಇದಕ್ಕೆ ನಮ್ಮ ದೇಶದಲ್ಲಿ ಕಾನೂನಿದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಪರೀಕ್ಷೆ ಮಾಡಬೇಕು. ಆ ಒಪ್ಪಿಗೆ ಕೊಡಬೇಕಾದವಳು ಗರ್ಭಿಣಿಯೇ, ಅತ್ತೆ ಮಾವ ಅಲ್ಲ, ಗಂಡನೂ ಅಲ್ಲ. ಫಲಿತಾಂಶವನ್ನು ಬಹಿರಂಗ ಮಾಡುವಂತಿಲ್ಲ. ಗಂಡನಿಗೆ ತಿಳಿಸಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಎಂಬ ಭಯಕ್ಕೆ ಕಾರಣವಿದ್ದರೆ ಆಸ್ಪತ್ರೆಯವರು ಅವನಿಗೂ ತಾವಾಗಿ ತಿಳಿಸುವಂತಿಲ್ಲ. ಕೆಲಸದಲ್ಲಿ, ಶಾಲೆಯಲ್ಲಿ, ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಸೋಂಕಿತ ಹೆಣ್ಣುಮಗಳಿಗೆ ತಾನಿರುವ ಮನೆಯಲ್ಲಿ ಇರುವ ಹಕ್ಕಿದೆ.

ಕಾನೂನು ಆಸ್ಪತ್ರೆಯವರ ಬಾಯಿ ಕಟ್ಟಬಹುದು. ನಮ್ಮ ಬಾಯಿ ಕಟ್ಟುವವರು ಯಾರು? ಯಾರು ಯಾವ ಬಾಗಿಲಿಗೆ ಹೋದರು, ಯಾವ ಕವರ್ ಹಿಡಿದು ಬಂದರು ಎಂದು ನೋಡುವ ಕಣ್ಣುಗಳು ನಮ್ಮವೇ. ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ಅತಿಯಾದ ಅನುಮಾನವನ್ನು, ಗುಟ್ಟು ಕೆದಕುವುದನ್ನು, ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಒಂದೇ ಉಸಿರಿನಲ್ಲಿ ನಿಷೇಧಿಸಿ, ಗೀಬತ್ತನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದ್ದಾನೆ. ಗೀಬತ್ ಬಿಟ್ಟರೆ ಒಂದು ಮಗುವಿನ ಜೀವ ಉಳಿಯಬಹುದು. ಇದು ಅಲಂಕಾರದ ಮಾತಲ್ಲ. ಯಾರೂ ಆಡಿಕೊಳ್ಳುವುದಿಲ್ಲ ಎಂದು ಗೊತ್ತಾದ ಊರಿನಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಪರೀಕ್ಷೆಗೆ ಹೋಗುತ್ತಾರೆ.

ಇದೆ ಎಂದು ಬಂದರೆ?

ನಮ್ಮ ಭಯ ಹಳೆಯದು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೋಲೊಮನ್ ಅವರ ತಂಡ ಭಾರತದಲ್ಲಿ ಮೊದಲ ಬಾರಿಗೆ ಈ ಸೋಂಕನ್ನು ಪತ್ತೆಮಾಡಿದಾಗ ಚಿಕಿತ್ಸೆ ಎಂಬುದೇ ಇರಲಿಲ್ಲ. ಆಗಿನ ಭಯಕ್ಕೆ ಅರ್ಥವಿತ್ತು. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡಲು ಆರಂಭಿಸಿತು. ಮೊದಲು ಆರಂಭವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. 2014ರಿಂದ ಸೋಂಕಿರುವ ಪ್ರತಿ ಗರ್ಭಿಣಿಗೂ ಜೀವನಪರ್ಯಂತ ಮಾತ್ರೆ ಕೊಡುವ ಕ್ರಮ ದೇಶದಾದ್ಯಂತ ಬಂದಿದೆ. ಈಗ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವವರು ಎಲ್ಲರಂತೆ ದುಡಿಯುತ್ತಾರೆ, ಮಕ್ಕಳನ್ನು ಓದಿಸುತ್ತಾರೆ, ಮೊಮ್ಮಕ್ಕಳನ್ನು ನೋಡುತ್ತಾರೆ.

ಬೆರಳ ತುದಿಯ ಮೊದಲ ಪರೀಕ್ಷೆಯಲ್ಲಿ ಸಂಶಯ ಬಂದರೆ ಅದೇ ಕೊನೆಯಲ್ಲ. ಐಸಿಟಿಸಿ ಎಂಬ ಸಮಾಲೋಚನಾ ಕೇಂದ್ರದಲ್ಲಿ ಬೇರೆ ಬೇರೆ ಕಿಟ್‌ಗಳಿಂದ ಮತ್ತೆ ನೋಡಿ ಖಚಿತಪಡಿಸುತ್ತಾರೆ. ಆಪ್ತ ಸಮಾಲೋಚಕರು ಒಂಟಿಯಾಗಿ ಕೂರಿಸಿ ತಿಳಿಸಿ ಹೇಳುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ, ಮಾತ್ರೆಗೆ ಹಣ ಇಲ್ಲ. ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ. ಹುಟ್ಟಿದ ಮಗುವಿಗೆ ಕೆಲವು ವಾರ ಸಿರಪ್ ಕೊಡುತ್ತಾರೆ. ಆರನೇ ವಾರದಲ್ಲಿ ಮಗುವಿನ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಲ್ಲಿ ಕೊನೆಯ ಪರೀಕ್ಷೆ. ಮಾತ್ರೆ ನುಂಗುತ್ತಿರುವ ತಾಯಿ ವೈದ್ಯರ ಸಲಹೆಯಂತೆ ಎದೆಹಾಲು ಕೊಡಬಹುದು. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಅದರ ಜೊತೆ ಘುಟ್ಟಿ, ಸಕ್ಕರೆ ನೀರು, ಹಸುವಿನ ಹಾಲು ಬೆರೆಸಿ ಕುಡಿಸುವುದು ಅಪಾಯ ಹೆಚ್ಚಿಸುತ್ತದೆ. ಅಜ್ಜಿಯರು ಇದನ್ನು ನೆನಪಿಡಬೇಕು.

ಇದೇ ಸಮಯದಲ್ಲಿ ಸಿಫಿಲಿಸ್ ಪರೀಕ್ಷೆಯನ್ನೂ ಮಾಡುತ್ತಾರೆ. ಅದು ಗೊತ್ತಾಗದೆ ಉಳಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ. ಒಮ್ಮೆ ಇಲ್ಲ ಎಂದು ಬಂದರೂ, ಗಂಡನಿಗೆ ಸೋಂಕು ಇದ್ದರೆ ಅಥವಾ ಅನುಮಾನವಿದ್ದರೆ ಕೊನೆಯ ತಿಂಗಳುಗಳಲ್ಲಿ ಮತ್ತೊಮ್ಮೆ ಮಾಡಿಸಬೇಕು. ಹೊಸದಾಗಿ ತಗಲಿದ ಸೋಂಕು ಕೆಲವು ವಾರ ಪರೀಕ್ಷೆಗೆ ಸಿಗುವುದಿಲ್ಲ. ಯಾರನ್ನೂ ಕೇಳಲು ನಾಚಿಕೆಯಾದರೆ 1097 ಸಂಖ್ಯೆಗೆ ಫೋನ್ ಮಾಡಿ, ಹೆಸರು ಹೇಳಬೇಕಾಗಿಲ್ಲ, ಹಣವೂ ಇಲ್ಲ.

ನಾವು ಮಾಡಬೇಕಾದದ್ದು

ಸಹೋದರರೇ, ಇಷ್ಟು ಹೇಳಿದ ಮೇಲೆ ನಾಲ್ಕು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು: ಮನೆಯಲ್ಲಿ ಗರ್ಭಿಣಿ ಇದ್ದರೆ ಮುಂದಿನ ತಪಾಸಣೆಗೆ ಗಂಡನೇ ಜೊತೆಯಲ್ಲಿ ಹೋಗಲಿ, ತಾನೂ ರಕ್ತ ಕೊಡಲಿ. ಹೊರಗಿನ ಊರಿನಲ್ಲಿ ಇರುವವನು ಅಲ್ಲೇ ಮಾಡಿಸಲಿ, ಹೆಂಡತಿಯನ್ನು ತಡೆಯದಿರಲಿ.

ಎರಡು: ಅತ್ತೆಯರು ಸೊಸೆಯನ್ನು, "ಏನು ಬಂತು?" ಎಂದು ಕೇಳುವ ಬದಲು, "ಪರೀಕ್ಷೆ ಆಯಿತೇ, ಮಾತ್ರೆ ತಗೊಂಡೆಯಾ?" ಎಂದಷ್ಟೇ ಕೇಳಲಿ.

ಮೂರು: ನಿಕಾಹ್ ಗೊತ್ತು ಮಾಡುವಾಗ ವರದಕ್ಷಿಣೆ, ಚಿನ್ನದ ಮಾತಿಗಿಂತ ಹುಡುಗ ಹುಡುಗಿ ಇಬ್ಬರ ಆರೋಗ್ಯದ ಮಾತು ಬರಲಿ. ಪರೀಕ್ಷೆ ಇಬ್ಬರಿಗೂ, ಇಬ್ಬರ ಒಪ್ಪಿಗೆಯಿಂದ. ಹುಡುಗಿಗೆ ಮಾತ್ರ ಎಂಬುದು ಇನ್ಸಾಫ್ ಅಲ್ಲ.

ನಾಲ್ಕು: ನಮ್ಮ ಜಮಾಅತ್ ಒಂದು ಮಾತು ಕೊಡಲಿ. ಯಾವ ಮನೆಯಲ್ಲಿ ಈ ರೋಗ ಇದೆ ಎಂದು ನಾವು ಕೇಳುವುದಿಲ್ಲ. ತಿಳಿದರೂ ಹೇಳುವುದಿಲ್ಲ. ಅಂಥ ಮನೆಯ ಮಗುವನ್ನು ಮಕ್ತಬ್‌ನಲ್ಲಿ ಬೇರೆ ಕೂರಿಸುವುದಿಲ್ಲ. ಅಂಥ ಮನೆಯ ದಾವತ್ತನ್ನು ತಿರಸ್ಕರಿಸುವುದಿಲ್ಲ. ಅಂಥವರ ಮಯ್ಯತ್ತಿಗೆ ಗುಸ್ಲ್ ಮಾಡಿಸಲು ಹಿಂದೆ ಸರಿಯುವುದಿಲ್ಲ. ಕೈಗವಸು ಹಾಕಿಕೊಂಡು, ಎಚ್ಚರಿಕೆಯಿಂದ, ಎಲ್ಲಾ ಮುಸ್ಲಿಮರಿಗೆ ಮಾಡುವಂತೆಯೇ ಗುಸ್ಲ್, ಕಫನ್, ಜನಾಜಾ ಮಾಡುತ್ತೇವೆ. ಈ ಮಾತನ್ನು ನಾವು ಉಳಿಸಿಕೊಂಡರೆ ನಮ್ಮ ಹೆಣ್ಣುಮಕ್ಕಳಿಗೆ ಬೇರೆ ಭಾಷಣ ಬೇಕಾಗಿಲ್ಲ.

ಕಿಯಾಮತ್ ದಿನ ನಮ್ಮ ಮಕ್ಕಳೇ ನಮ್ಮ ಎದುರು ನಿಂತು, ನಿಮ್ಮ ಕೈಯಲ್ಲಿ ಇದ್ದದ್ದನ್ನು ಯಾಕೆ ಮಾಡಲಿಲ್ಲ ಎಂದು ಕೇಳುವ ಸ್ಥಿತಿ ನಮಗೆ ಬಾರದಿರಲಿ.

ಯಾ ಅಲ್ಲಾಹ್, ನಮ್ಮ ಗರ್ಭಿಣಿ ಸಹೋದರಿಯರನ್ನು, ಅವರ ಹೊಟ್ಟೆಯಲ್ಲಿರುವ ಮಕ್ಕಳನ್ನು ಕಾಪಾಡು. ರೋಗದಲ್ಲಿರುವವರಿಗೆ ಶಿಫಾ ಕೊಡು, ಅವರ ಮನೆಯವರಿಗೆ ದಯೆ ಕೊಡು. ನಮ್ಮ ನಾಲಿಗೆಯನ್ನು ಅಪವಾದದಿಂದ, ನಮ್ಮ ಕಣ್ಣನ್ನು ಹರಾಮಿನಿಂದ ದೂರವಿಡು. ತಿಳಿದದ್ದನ್ನು ಮಾಡುವ ತೌಫೀಕ್ ನಮಗೆಲ್ಲರಿಗೂ ದಯಪಾಲಿಸು. ಆಮೀನ್.